ಅಂತೋಣಮ್ಮನ ಜೊತೆಗಿದ್ದ ಮಗು

ಫಾದರ್ ಇನ್ನಾಸಪ್ಪನವರು ಒಂಬತ್ತು ವರ್ಷದ ಮೇಲೆ ಟಾಂಜಾನಿಯಾದಿಂದ ಹೆಬ್ಬಗೋಡಿಗೆ ಬಂದದ್ದು ಮುಖ್ಯವಾಗಿ ಒಂದೇ ಕೆಲಸಕ್ಕೆ. ಅವ್ವನ ಸಮಾಧಿಯ ಮುಂದೆ ನಿಂತು ಪ್ರಾರ್ಥನೆ ಹೇಳಬೇಕಿತ್ತು. ಆರು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಅವರು ಅಲ್ಲಿ ಮಲೇರಿಯಾ ಹಿಡಿದು ತಲೆ ಎತ್ತಲಾಗದೆ ಮಲಗಿದ್ದರು. ಆ ದೇಶದಲ್ಲಿ ಯಾರ್ಯಾರದೋ ತಾಯಂದಿರನ್ನು ಮಣ್ಣು ಮಾಡಿದ ಕೈಗೆ ತನ್ನ ತಾಯಿಗೆ ಒಂದು ಹಿಡಿ ಮಣ್ಣು ಹಾಕುವುದು ದಕ್ಕಿರಲಿಲ್ಲ.

ಅಕ್ಕ ಮರಿಯಮ್ಮ ಬಸ್ ಸ್ಟಾಪಿಗೇ ಬಂದಿದ್ದಳು. ತಮ್ಮ ಗುರುಪಟ್ಟ ಪಡೆದು ಪಾದ್ರಿಯಾದ ದಿನದಿಂದ ಅವರನ್ನು ಸಾಮಿ ಎಂದೇ ಕರೆಯುವವಳು, ಬಹುವಚನ ಬಿಟ್ಟವಳಲ್ಲ. "ದಣ್ದಿದ್ದೀರ ಸಾಮಿ, ಸಮಾಧಿಗೆ ನಾಳೆ ಹೋದ್ರಾಯ್ತು" ಎಂದಳು. ಮರುದಿನವೂ ಏನೋ ನೆಪ ತೆಗೆದಳು. ಮೂರನೆಯ ದಿನ ಫಾದರ್ ಒಬ್ಬರೇ ಚರ್ಚಿನ ಸ್ಮಶಾನಕ್ಕೆ ನಡೆದರು.

ಸಮಾಧಿಗಳು ಒಂದಕ್ಕೊಂದು ಅಂಟಿಕೊಂಡಂತಿದ್ದವು. ಹುಡುಕಿ ಹುಡುಕಿ ಅವ್ವನ ಸಿಮೆಂಟಿನ ಶಿಲುಬೆ ಸಿಕ್ಕಿತು. 'ಅಂತೋಣಮ್ಮ' ಎಂಬ ಹೆಸರಿನ ಕೆಳಗೆ ನೀಲಿ ಬಣ್ಣದಲ್ಲಿ ಇನ್ನೊಂದು ಹೆಸರಿತ್ತು: 'ಸೌಮ್ಯಾ, 11 ತಿಂಗಳು.' ಫಾದರ್ ಪ್ರಾರ್ಥನೆಯ ಪುಸ್ತಕ ತೆರೆಯದೆಯೇ ವಾಪಸಾದರು.

ಅವರ ಮುಖ ನೋಡಿ ಅಕ್ಕನಿಗೆ ಗೊತ್ತಾಯಿತು.

"ಲಾಕ್‌ಡೌನಲ್ಲಿ ನಮ್ ಹಿಂದಿನ್ ರೂಮಲ್ಲಿ ಯಾದಗಿರಿ ಕಡೆಯೋರು ಬಾಡಿಗೆಗಿದ್ರು ಸಾಮಿ. ಮಗು ಜ್ವರ ಬಂದು ಹೋಗ್ಬಿಡ್ತು. ಊರಿಗೆ ತಗೊಂಡೋಗಕ್ಕೆ ಗಾಡಿ ಇಲ್ಲ, ಇಲ್ಲಿ ಅವ್ರದು ಅಂತ ಒಂದ್ ಗೇಣು ಜಾಗ ಇಲ್ಲ. ಅವ್ರಪ್ಪ ಹನುಮೇಶ ಮಗೂನ ಟವಲಲ್ಲಿ ಸುತ್ಕೊಂಡು ಬಾಗಿಲಲ್ಲಿ ಕೂತ್ಬಿಟ್ಟಿದ್ದ. ನಾನೇ ಹೋಗಿ, ಅವ್ವನ ಸಮಾಧೀಲೇ ಮಲಗಿಸ್ಲಾ ಅಂತ ಚರ್ಚಿನ ಫಾದರ್‌ನ ಕೇಳ್ದೆ. ಒಪ್ಪಿದ್ರು."

"ವಾರವಾರ ಫೋನ್ ಮಾಡ್ತಿದ್ನಲ್ಲಕ್ಕ. ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಲೋ ಇನಾಸಿ," ಮರಿಯಮ್ಮ ಅಂದಳು, "ಅವ್ವ ಬದುಕಿದ್ದಿದ್ರೆ ಆ ಮಗೂನ ಮಡಿಲಿಂದ ಕೆಳಗಿಳಿಸ್ತಿದ್ಲೇನೋ?"

ಫಾದರ್ ಎದ್ದು ಅಂಗಳಕ್ಕೆ ಹೋದರು. ಬೇರೆ ಯಾರದಾದರೂ ಮನೆಯಲ್ಲಿ ಹೀಗಾಗಿದ್ದರೆ ಅಕ್ಕ ಮಾಡಿದ್ದೇ ಸರಿ ಎಂದು ಚರ್ಚಿನ ಪೂಜೆಯಲ್ಲಿ ಜನರಿಗೆ ಪ್ರಸಂಗ ಮಾಡುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಆದರೂ ಅವ್ವನ ಹತ್ತಿರ ತನಗೆ ಉಳಿದಿದ್ದ ಜಾಗದಲ್ಲಿ ಇನ್ನಾರೋ ಮಲಗಿದ್ದಾರೆಂಬ ಸಂಕಟ ಮನಸ್ಸನ್ನು ಬಿಡಲಿಲ್ಲ. ಎರಡು ದಿನ ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಭಾನುವಾರ ಪೂಜೆ ಮುಗಿಸಿ ಮತ್ತೆ ಹೋದಾಗ ಅವ್ವನ ಸಮಾಧಿಯ ಬಳಿ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಹುಲ್ಲು ಕೀಳುತ್ತಿದ್ದಳು. ಕೀಳುತ್ತಲೇ ಮಾತಾಡುತ್ತಿದ್ದಳು.

"ಹುಡುಗಿ ಭಾಳ ಕಾಡತಾಳೇನ್ರಿ ಅಜ್ಜಿ? ಕಾಡಿದ್ರ ಬೈಬ್ಯಾಡ್ರಿ. ಈಗ ಸಾಲಿಗೆ ಹೋಗೋ ವಯಸ್ಸು ಆಕೀದು. ನೀವ ನಾಕು ಅಕ್ಷರ ಕಲಸ್ರಿ."

ಫಾದರಿಗೆ ತಡೆಯಲಾಗದೆ ನಗು ಬಂತು. "ನಮ್ಮವ್ವಂಗೆ ಅಕ್ಷರ ಬರ್ತಿರ್ಲಿಲ್ಲಮ್ಮ. ಜೋಗುಳ ಮಾತ್ರ ಚೆನ್ನಾಗಿ ಹಾಡೋಳು."

ಹೆಂಗಸು ಗಾಬರಿಯಿಂದ ಎದ್ದು ನಿಂತಳು. ಮಗುವಿನ ತಾಯಿ ಮಹಾನಂದಾ ಅವಳೇ. "ಅಜ್ಜಿ ಮಗ ಸಾಮೇರೇನ್ರಿ? ನಮ್ಮಿಂದ ತಪ್ಪಾಗೇತೇನ್ರಿ?"

"ಇಲ್ಲಮ್ಮ. ಕೂತ್ಕೊ."

ತಾವೂ ನೆಲದ ಮೇಲೆ ಕೂತರು. ಈಗ ಜಿಗಣಿಯಲ್ಲಿ ಮನೆ, ಭಾನುವಾರ ತಪ್ಪದೆ ಬರುತ್ತೇನೆ ಎಂದಳು ಮಹಾನಂದಾ. ಆರು ವರ್ಷ ಮನಸ್ಸಿನಲ್ಲಿ ಹೊತ್ತು ತಿರುಗಿದ ಪ್ರಾರ್ಥನೆಯನ್ನು ಫಾದರ್ ಶುರುಮಾಡಿದರು. ಹೆಸರು ಹೇಳುವ ಕಡೆ 'ಅಂತೋಣಮ್ಮ' ಎಂದು, ಸ್ವಲ್ಪ ತಡೆದು, 'ಸೌಮ್ಯಾ' ಎಂದರು. ಅಷ್ಟಕ್ಕೇ ಪ್ರಾರ್ಥನೆ ನಿಲ್ಲಿಸಿ ಅತ್ತುಬಿಟ್ಟರು. ಅಳುವ ಸಾಮೇರನ್ನು ಹೇಗೆ ಸಮಾಧಾನ ಮಾಡಬೇಕೋ ತಿಳಿಯದೆ ಮಹಾನಂದಾ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗೆ ಕೊಟ್ಟಳು.

ಹನುಮೇಶ ಜಿಗಣಿಯ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಫಾದರ್ ಒಂದು ಕಪ್ಪು ಕಲ್ಲು ಕೊಂಡರು, ಅವನೇ ಉಜ್ಜಿ ಹೊಳಪು ಕೊಟ್ಟ. ಎರಡು ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಕೆತ್ತಿಸಿದರು.

ಕಲ್ಲು ನಿಲ್ಲಿಸಿದ ಸಂಜೆ ಉಳಿದವರೆಲ್ಲ ಹೊರಟರೂ ಅಕ್ಕ ತಮ್ಮ ಅಲ್ಲೇ ಕೂತರು. ಫೋನಿನಲ್ಲಿ ಇಬ್ಬರೂ ಕೇಳದೆ, ಹೇಳದೆ ಬಿಟ್ಟಿದ್ದ ಅವ್ವನ ಕೊನೆಯ ದಿನವನ್ನು ಮರಿಯಮ್ಮ ಬೆಳಗಿನಿಂದ ಹೇಳತೊಡಗಿದಳು. ಎಷ್ಟು ಹೊತ್ತಿಗೆ ಎದ್ದಳು, ಮೆಣಸಿನ ಸಾರು ಕೇಳಿ ಎರಡೇ ತುತ್ತು ಉಂಡದ್ದು, ಯಾರ ಕೈ ಹಿಡಿದುಕೊಂಡಿದ್ದಳು. ಫಾದರ್ ನಡುನಡುವೆ ತಡೆದು, "ಆಮೇಲೆ?" ಎಂದು ಕೇಳುತ್ತಿದ್ದರು. ಅಕ್ಕ ಒಂದನ್ನೂ ಬಿಡದೆ ಹೇಳಿದಳು.