ಸೋಸಿನೋಸ ಕಟ್ಟುವ ಆಲಿವ್ ಕೊಂಬೆ

ನಮ್ಮ ಅಥೆನ್ಸಿನ ಕುಂಬಾರಗೇರಿಯ ಕ್ಷೌರದಂಗಡಿಯಲ್ಲಿ ಯಾರಾದರೂ ‘ಬಂಗಾರದ ಕಾಲ ಹೋಯಿತು’ ಎಂದು ನಿಟ್ಟುಸಿರಿಟ್ಟರೆ ಸಾಕು, ಸೋಸಿನೋಸ ಅರ್ಧ ಕತ್ತರಿಸಿದ ಗಡ್ಡದಲ್ಲೇ ಎದ್ದು ಊರುಗೋಲು ಕುಟ್ಟುತ್ತಾನೆ. “ಬಂಗಾರವಂತೆ ಬಂಗಾರ! ನಿಮ್ಮ ಮುತ್ತಾತ ಗವೀಲಿ ಕೂತು ಹಸಿ ಮಾಂಸ ಕಿತ್ಕೊಂಡು ತಿಂತಿದ್ದ. ಬೆಂಕಿ, ಮನೆ, ಕಾನೂನು ಎಲ್ಲಾ ಮನುಷ್ಯ ಒದ್ದಾಡಿ ಕಲ್ತಿದ್ದು.” ದೇವರೇ ಕೊಟ್ಟದ್ದು ಎಂದರೆ, “ಕೊಡೋನು ಇಷ್ಟು ತಡ ಮಾಡ್ತಿದ್ನಾ?” ಎನ್ನುತ್ತಾನೆ. ಬಂದರಿನಲ್ಲಿ ಹೊಸ ಹಡಗು ಕಂಡರೆ ತಾನೇ ಹೆತ್ತವನಂತೆ ಬೀಗುತ್ತಾನೆ. “ಹಾಗಾದ್ರೆ ಹಿಂದಿನೋರು ದಡ್ಡರೇನಣ್ಣಾ?” ಎಂದು ಕ್ಷೌರಿಕ ಕೆಣಕಿದರೆ ಸೊಟ್ಟ ಪಾದ ಮುಂದೆ ಚಾಚುತ್ತಾನೆ: “ಈ ಕಾಲು ನೋಡಿ ನಮ್ಮಪ್ಪ ನನ್ನನ್ನ ಸಾಯಲಿ ಅಂತ ಮಡಕೇಲಿಟ್ಟು ಬೆಟ್ಟದಲ್ಲಿ ಬಿಟ್ಟು ಬಂದ, ಯಾರೋ ಎತ್ಕೊಂಡಿದ್ದಕ್ಕೆ ಉಳ್ಕೊಂಡೆ. ಅದೇ ನಿಮ್ಮ ಬಂಗಾರದ ಕಾಲ.” ನಮ್ಮಲ್ಲಿ ಗಂಡು ಕೂಸನ್ನು ಸಾಕಲು ತಂದೆ ಒಪ್ಪಿದ ಮೇಲೆಯೇ ಬಾಗಿಲಿಗೆ ಆಲಿವ್ ಕೊಂಬೆ ಕಟ್ಟುವುದು; ಕಟ್ಟಿದ ಮೇಲೆ ಕೂಸನ್ನು ಬಿಟ್ಟುಬರುವಂತಿಲ್ಲ. ಸೋಸಿನೋಸ ಮಾತ್ರ ಕೂಸಿನ ಅಳು ಕೇಳಿದೊಡನೆ, ಯಾರನ್ನೂ ಕೇಳದೆ ಕಟ್ಟಿಬಿಡುತ್ತಾನೆ. ಮೊನ್ನೆ ಬಡಗಿ ಪಾಂಫಿಲ ತನ್ನ ಮೋಟುಗೈಯ ಕೂಸನ್ನು ಮಡಕೆಯಲ್ಲಿಟ್ಟುಕೊಂಡು ಹೊರಟರೆ, ಬಾಗಿಲಲ್ಲಿ ಕೊಂಬೆ ತೂಗುತ್ತಿತ್ತು, ಹೊಸ್ತಿಲಿಗೆ ಅಡ್ಡಲಾಗಿ ಸೋಸಿನೋಸ ಕೂತಿದ್ದ. “ಊರೆಲ್ಲಾ ನೋಡಾಯ್ತು, ಮಗೂನ ಒಳಗೆ ಮಲಗಿಸು,” ಎಂದ. “ಮಡಕೆ ಇತ್ತ ಕೊಡು. ಮನುಷ್ಯ ಅದನ್ನ ಕಂಡುಹಿಡಿದಿದ್ದು ಬೇಳೆ ಬೇಯಿಸೋಕೆ.”