ಚಿಪ್ಪಿನಲ್ಲಿ ಕಾಫಿ

ಹೊನ್ನವಳ್ಳಿ ಹತ್ತಿರದ ಗುಡ್ಡದ ದೇವಸ್ಥಾನಕ್ಕೆ ಪ್ರವಾಸಿಗರು ಹೆಚ್ಚಾದ ಮೇಲೆ, ಮೆಟ್ಟಿಲ ಬುಡದಲ್ಲಿ ನಾನು ಕಾಫಿ ಅಂಗಡಿ ಇಟ್ಟೆ. ಒಂದು ದಿನ ಪಂಚಾಯಿತಿಯ ಅಧಿಕಾರಿ ಬಂದು, ಪ್ಲಾಸ್ಟಿಕ್ ಲೋಟ ಬಂದ್, ಇನ್ನು ಮೇಲೆ ತೆಂಗಿನ ಚಿಪ್ಪಿನಲ್ಲೇ ಕಾಫಿ ಕೊಡಬೇಕು ಎಂದು ಒಂದು ಪೆಟ್ಟಿಗೆ ಇಳಿಸಿದರು. ದೂರದೂರಿನಿಂದ ತರಿಸಿದ ಚಿಪ್ಪುಗಳು. ಒಂದೊಂದಕ್ಕೂ ಪ್ಲಾಸ್ಟಿಕ್ ಕವರು.

"ಸಾರ್, ನಮ್ಮ ಹಿತ್ತಲಲ್ಲೇ ಚಿಪ್ಪು ರಾಶಿ ಬಿದ್ದೈತೆ. ನೀರೊಲೆಗೆ ಹಾಕ್ತೀವಿ," ಎಂದೆ.

"ಅವಕ್ಕೆ ಪಾಲಿಶ್ ಇಲ್ಲ ಕಣ್ರೀ."

ಮೊದಲ ಕಾಫಿ ಅವರಿಗೇ ಕೊಟ್ಟೆ. ಚಿಪ್ಪಿನ ತಳ ಗುಂಡಗಿದ್ದುದರಿಂದ ಕೆಳಗಿಡುವಂತಿರಲಿಲ್ಲ. ಆರಲಿ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ದರ್ಶನ ಮುಗಿಸಿ ಇಳಿಯುತ್ತಿದ್ದ ಅಜ್ಜಿಯೊಬ್ಬರು ಅವರೆದುರು ನಿಂತು, ಸೆರಗಿನ ಗಂಟು ಬಿಚ್ಚಿ, ಚಿಪ್ಪಿಗೆ ಒಂದು ನಾಣ್ಯ ಹಾಕಿದರು. ಕಾಫಿ ಅಂಗಿಗೆ ಸಿಡಿಯಿತು.

"ಒಳ್ಳೇದಾಗ್ಲಿ ಕಣಪ್ಪ, ಏನಾದ್ರೂ ತಿನ್ನು," ಎಂದು ಅಜ್ಜಿ ಹೊರಟುಹೋದರು.

ನಗು ತಡೆಯಲಾಗದೆ ನಾನು ಒಲೆಯ ಕಡೆ ತಿರುಗಿದೆ. ಅಧಿಕಾರಿ ಬಹಳ ಹೊತ್ತು ಚಿಪ್ಪಿನೊಳಗೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಸ್ಟೀಲ್ ಲೋಟಾನೂ ಪ್ಲಾಸ್ಟಿಕ್ ಅಲ್ಲ, ಅಲ್ವೇನ್ರೀ?"

"ಅಲ್ಲ ಸಾರ್," ಎಂದೆ.

ಮಾರನೆಯ ದಿನದಿಂದ ಸ್ಟೀಲ್ ಲೋಟ ಬಂತು. ತೊಳೆದು ತೊಳೆದು ನನ್ನ ಕೈ ಸುಕ್ಕಾಗಿದೆ.