ಹತ್ತು ಹಾರಾಟಗಳ ಅವಕಾಶ

ಕಚೇರಿಯಲ್ಲಿ ಅವಳಿಗೆ ‘ಬ್ರೇಕ್ ಮೇಡಂ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅವಳ ಕಿವಿಗೂ ಅದು ಬಿದ್ದಿತ್ತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಓಡುವ ಗಾಡಿಗೆ ಹಾರ್ನಿಗಿಂತ ಬ್ರೇಕೇ ಮುಖ್ಯವಲ್ಲವೇ ಎಂದು ಗಂಡನ ಮುಂದೆ ಒಮ್ಮೆ ಹೇಳಿಕೊಂಡಿದ್ದಳು. ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಮಾತಿಗೆ ಬಣ್ಣ ಹಚ್ಚದೆ ಬಿಡುವವನಲ್ಲ. “ಮನೇಲಿ ಮಾತ್ರ ನೀನು ಹಾರ್ನೇ ಕಣೆ” ಎಂದು ನಕ್ಕಿದ್ದ.

ಅವಳ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ವಿಮಾನದ ಎಂಜಿನ್ನಿನ ಯಾವುದೋ ಭಾಗ ಸರಿಯಿಲ್ಲವೆಂದು ಜಗತ್ತಿನ ಯಾವ ಮೂಲೆಯಿಂದ ಸುದ್ದಿ ಬಂದರೂ, ಅಂಥದೇ ಭಾಗ ತಮ್ಮ ದೇಶದ ಯಾವ ವಿಮಾನದಲ್ಲಿದೆ, ಅದನ್ನು ಹೇಗೆ ಪರೀಕ್ಷಿಸಬೇಕು, ಎಷ್ಟರೊಳಗೆ ಪರೀಕ್ಷಿಸಬೇಕು ಎಂದು ಆದೇಶ ಬರೆಯುವುದು. ‘ಹೇಗೆ’ ಎನ್ನುವುದು ಸುಲಭ; ಎಂಜಿನ್ ಮಾಡಿದವರೇ ಹೇಳಿಕೊಡುತ್ತಾರೆ. ತಲೆಬಿಸಿಯೆಲ್ಲ ‘ಎಷ್ಟರೊಳಗೆ’ ಎಂಬಲ್ಲಿ. ತಿಂಗಳು ಕೊಟ್ಟರೆ ಆ ತಿಂಗಳೆಲ್ಲ ಅದು ಜನರನ್ನು ಹೊತ್ತು ಹಾರುತ್ತದೆ. ಹಾರಲೇಬೇಡಿ ಎಂದರೆ ಊರೂರಿನ ಜನ ನಿಲ್ದಾಣದ ಕುರ್ಚಿಗಳ ಮೇಲೆ ಮುದುಡಿ ಮಲಗಿ ಹಿಡಿಶಾಪ ಹಾಕುತ್ತಾರೆ. ತಡೆದರೆ ಅತಿಯಾಯಿತು ಎನ್ನುತ್ತಾರೆ. ತಡೆಯದೆ ಏನಾದರೂ ಆದರೆ ಕತ್ತೆ ಕಾಯುತ್ತಿದ್ದರೇ ಎನ್ನುತ್ತಾರೆ. ಏನೂ ಆಗದ ದಿನ ಶಹಭಾಸ್ ಎಂದು ಬೆನ್ನು ತಟ್ಟಿದವರನ್ನು ಅವಳು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಈ ‘ಎಷ್ಟರೊಳಗೆ’ ತೀರ್ಮಾನಿಸಲು ಆ ಕಚೇರಿಯಲ್ಲಿ ಹಿಂದಿನವರಿಂದ ಬಂದ ಒಂದು ಪದ್ಧತಿಯಿತ್ತು. ಲೆಕ್ಕಾಚಾರ, ತಜ್ಞರ ಮಾತು ಎಲ್ಲ ಮುಗಿದ ಮೇಲೆ, ಆದೇಶ ಬರೆದವರನ್ನು ದೊಡ್ಡ ಸಾಹೇಬರು ತಮ್ಮ ಕೋಣೆಗೆ ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: “ನಿಮ್ಮ ಮನೆಯವರನ್ನ ಅದರಲ್ಲಿ ಕೂರಿಸ್ತೀರಾ?” ಹೌದು ಎಂದರೆ ಸಹಿ, ತಡವರಿಸಿದರೆ ಆದೇಶ ವಾಪಸು. ಬೇರೆಯವರು ಆ ಪ್ರಶ್ನೆಗೆ ಹೆಂಡತಿಯನ್ನೋ ಮಗುವನ್ನೋ ನೆನೆದುಕೊಳ್ಳುತ್ತಿದ್ದರು. ಇವಳು ಅಮ್ಮನನ್ನು ಕೂರಿಸಿ ನೋಡುತ್ತಿದ್ದಳು. ಅಮ್ಮ ಜನ್ಮದಲ್ಲಿ ವಿಮಾನ ಹತ್ತಿದವಳಲ್ಲ, ಬಸ್ಸಿನಲ್ಲೇ ಕಣ್ಣು ಮುಚ್ಚಿ ಕೂರುವವಳು. ಮಗಳ ತಲೆಯೊಳಗೆ ಮಾತ್ರ ಆ ಮುದುಕಿ ಎಷ್ಟು ಸಮುದ್ರ ದಾಟಿದ್ದಳೋ, ಎಷ್ಟು ಮೋಡ ಹಾದಿದ್ದಳೋ.

ಆ ಅಮ್ಮ ಈಗ ಹಾಸಿಗೆ ಹಿಡಿದಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ, ರಸ್ತೆ ಕಾಣುವ ಹಾಗೆ ಕಿಟಕಿಗೆ ಒತ್ತಿ ಮಂಚ ಹಾಕಿಸಿಕೊಂಡಿದ್ದಳು. ಎದುರು ಸಾಲಿನ ಸೈಕಲ್ ರಿಪೇರಿ ಅಂಗಡಿಯವನು ಯಾರ ಜೊತೆ ಜಗಳಕ್ಕೆ ನಿಂತ, ಮೂಲೆ ಮನೆಯವರು ಇವತ್ತೂ ಕಸದ ಡಬ್ಬಿ ಮುಚ್ಚಿಲ್ಲ, ಎಲ್ಲ ವರದಿಯೂ ಆ ಮಂಚದಿಂದಲೇ ಹೊರಡುತ್ತಿತ್ತು. ಒಂದು ದಿನ ವರದಿ ನಿಂತಿತು. ಡಾಕ್ಟರು ನಾಡಿ ಹಿಡಿದು ನೋಡಿ, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, “ಬರೋರು ಯಾರಾದ್ರೂ ಇದ್ರೆ ಹೇಳಿಬಿಡಿಮ್ಮ” ಎಂದರು.

ಬರಬೇಕಾದವಳು ಒಬ್ಬಳೇ, ಅಕ್ಕ. ಮದುವೆಯಾಗಿ ದೂರದ ದ್ವೀಪವೊಂದಕ್ಕೆ ಹೋದವಳು ಅಲ್ಲಿನ ಬಂದರಿನಲ್ಲಿ ಗಂಡನ ಜೊತೆ ದೋಣಿಗಳಿಗೆ ಹಗ್ಗ, ಬಣ್ಣ ಮಾರುವ ಅಂಗಡಿ ಇಟ್ಟುಕೊಂಡಿದ್ದಳು. ಬಾಯಿ ಜೋರು, ಕರುಳು ಮೆತ್ತಗೆ. ಫೋನಿನಲ್ಲಿ ಸುದ್ದಿ ಕೇಳಿದವಳೇ, “ಪುಟ್ಟೀ, ನಾಳೆ ಮಧ್ಯಾಹ್ನದ ವಿಮಾನಕ್ಕೇ ಹತ್ತುತೀನಿ. ನಾನು ಬರೋವರೆಗೂ ಎಲ್ಲೂ ಹೋಗಬಾರದು ಅಂತ ಅಮ್ಮನಿಗೆ ಹೇಳು” ಎಂದಳು. ಐವತ್ತರ ಹತ್ತಿರ ಬಂದರೂ ಆ ಮನೆಯಲ್ಲಿ ಬ್ರೇಕ್ ಮೇಡಂ ಪುಟ್ಟಿಯೇ. ಅವಳು ಅಮ್ಮನ ಕಿವಿಯ ಬಳಿ ಬಗ್ಗಿ ಹೇಳಿದಳು. ಅಮ್ಮ ಕಣ್ಣು ಬಿಟ್ಟು, “ಎಲ್ಲಿಗೆ ಹೋಗ್ಲಿ? ಚಪ್ಪಲಿ ಹಾಕ್ಕೊಳೋ ಶಕ್ತಿ ಇಲ್ಲ” ಎಂದು ತುಟಿಯಂಚಿನಲ್ಲಿ ನಕ್ಕಳು.

ಮರುದಿನ ಬೆಳಿಗ್ಗೆ ಒಂದು ಗಳಿಗೆ ಮುಖ ತೋರಿಸಿ ಬರೋಣವೆಂದು ಕಚೇರಿಗೆ ಹೋದರೆ ಸುದ್ದಿ ಕಾದು ಕೂತಿತ್ತು. ಬೇರೆ ದೇಶವೊಂದರಲ್ಲಿ ಸಣ್ಣ ವಿಮಾನವೊಂದು ಮೇಲೇಳಲು ಓಡುತ್ತಿದ್ದಾಗ ಎಂಜಿನ್ನಿನ ಒಳಗಿನ ಚಕ್ರ ಒಡೆದು ಚೂರಾಗಿತ್ತು. ಎಂಜಿನ್ನಿನ ಅಲಗುಗಳನ್ನೆಲ್ಲ ಹಿಡಿದುಕೊಂಡು ತಿರುಗುವ ಚಕ್ರ ಅದು. ಅಲಗು ಮುರಿದರೆ ಎಂಜಿನ್ನಿನ ಹೊರಕವಚ ತಡೆದುಕೊಳ್ಳುತ್ತದೆ. ಚಕ್ರ ಒಡೆದರೆ ಅದನ್ನು ತಡೆಯುವ ಕವಚವನ್ನು ಇನ್ನೂ ಯಾರೂ ಮಾಡಿಲ್ಲ. ಚೂರುಗಳು ರೆಕ್ಕೆ ಸೀಳಿಕೊಂಡು ಹೋಗಿದ್ದವು. ವಿಮಾನ ಇನ್ನೂ ನೆಲದ ಮೇಲಿತ್ತು, ಒಳಗಿದ್ದವರ ಪುಣ್ಯ. ಲೋಹ ಕರಗಿಸುವಾಗ ಸಾಸಿವೆ ಕಾಳಿನಷ್ಟೂ ಇಲ್ಲದ ಕಿಟ್ಟ ಒಳಗೆ ಉಳಿದು, ಅಲ್ಲಿಂದಲೇ ಬಿರುಕು ಹುಟ್ಟಿತ್ತಂತೆ. ಅದೇ ಕುಲುಮೆಯಲ್ಲಿ ಅದೇ ಸಲ ಕರಗಿಸಿದ ಲೋಹದ ಚಕ್ರಗಳು ಇನ್ನೂ ಕೆಲವು ಇದ್ದವು. ಇವಳ ದೇಶದಲ್ಲಿ ಅವು ಇದ್ದದ್ದು ಅಕ್ಕನ ದ್ವೀಪಕ್ಕೆ ಹೋಗಿಬರುವ ವಿಮಾನಗಳಲ್ಲಿ ಮಾತ್ರ.

ತಯಾರಕರ ಸಲಹೆಯೂ ಜೊತೆಗೇ ಬಂದಿತ್ತು: ಇನ್ನು ಹತ್ತು ಹಾರಾಟಗಳೊಳಗೆ ಪ್ರತಿ ಚಕ್ರವನ್ನೂ ಶಬ್ದದ ಅಲೆ ಹಾಯಿಸಿ ಪರೀಕ್ಷಿಸಬೇಕು. ನೆರೆಯ ದೇಶಗಳು ಆಗಲೇ ಅದಕ್ಕೆ ಹೂಂ ಎಂದಿದ್ದವು. ಹತ್ತು ಎಂದರೆ ಅಕ್ಕ ಇವತ್ತು ಬರಬಹುದು. ಸುಳ್ಳೇಕೆ ಹೇಳಬೇಕು, ಅವಳಿಗೆ ಜೀವ ಬಂದ ಹಾಗಾಯಿತು. ಆದೇಶದ ಮೊದಲ ಸಾಲುಗಳನ್ನು ಟೈಪೂ ಮಾಡಿದಳು. ಆದರೆ ನಾಯಿಯ ಬಾಲಕ್ಕೆ ಡೊಂಕು ಹೇಗೋ ಹಾಗೆ ಅವಳಿಗೆ ಕೇಳುವ ಚಟ. ತಯಾರಕರ ಎಂಜಿನಿಯರಿಗೆ ಫೋನು ಹಚ್ಚಿದಳು.

“ಹತ್ತು ಅನ್ನೋದು ಎಲ್ಲಿಂದ ಬಂತು?”

“ಪರೀಕ್ಷೆ ಮಾಡೋ ಉಪಕರಣ ಎಲ್ಲ ಊರಿಗೂ ತಲುಪಬೇಕಲ್ಲ ಮೇಡಂ. ಅಷ್ಟರಲ್ಲಿ ಸುಮಾರು ಹತ್ತು ಸಲ ಹಾರಿರುತ್ತವೆ.”

“ಅದು ನಿಮ್ಮ ಅನುಕೂಲ ಆಯ್ತು. ಲೋಹ ಏನು ಹೇಳುತ್ತೆ?”

ಆತ ಪ್ರಾಮಾಣಿಕ ಮನುಷ್ಯ, ಪಾಪ. “ಲೋಹ ಏನೂ ಹೇಳ್ತಿಲ್ಲ ಮೇಡಂ. ಒಡೆದದ್ದು ಇದ್ದಿದ್ದರಲ್ಲೇ ಕಡಿಮೆ ಹಾರಿದ ಚಕ್ರ. ಉಳಿದವು ಅದಕ್ಕಿಂತ ಹೆಚ್ಚು ಹಾರಿವೆ. ಅವು ಗಟ್ಟಿ ಅಂತ ಹಾರಿದವೋ, ಇನ್ನೂ ಸರದಿ ಬಂದಿಲ್ಲ ಅಂತ ಹಾರಿದವೋ, ನಮಗೂ ಗೊತ್ತಿಲ್ಲ.”

ಅವಳು ಎದ್ದು ದೊಡ್ಡ ಸಾಹೇಬರ ಕೋಣೆಗೆ ಹೋದಳು. ಚಕ್ರದ ಕಥೆ, ಅಮ್ಮನ ಕಥೆ, ಅಕ್ಕನ ಕಥೆ ಒಂದನ್ನೂ ಮುಚ್ಚಿಡದೆ ಒಂದೇ ಉಸಿರಿಗೆ ಹೇಳಿದಳು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತಿಯ ಹೊಸ್ತಿಲಲ್ಲಿದ್ದ ಮನುಷ್ಯ. ಗದರುವುದನ್ನು ಬಿಟ್ಟು ಬಹಳ ದಿನವಾಗಿತ್ತು.

“ನೀನು ಬೇಡ ಅಂದ್ರೆ ನಾನೇ ಬರೀತೀನಮ್ಮ. ಯಾರೂ ತಪ್ಪು ತಿಳಿಯಲ್ಲ. ಆದ್ರೆ ನಾನು ಎಂಜಿನ್ ಓದಿದವನಲ್ಲ. ಬರೆಯೋಕೆ ಮುಂಚೆ ನಿನ್ನನ್ನೇ ಕೇಳಬೇಕಾಗುತ್ತೆ, ಹತ್ತೋ ಸೊನ್ನೆಯೋ ಅಂತ.”

“ಹಾಗಾದ್ರೆ ನಾನೇ ಬರೆಯೋದು ವಾಸಿ ಸಾರ್.”

ಸಾಹೇಬರು ಎಂದಿನ ಪ್ರಶ್ನೆ ಕೇಳಲಿಲ್ಲ. ಕೇಳಲು ಅವರಿಗೆ ಬಾಯಿ ಬರಲಿಲ್ಲ. ಅವಳೇ ತನ್ನ ಮೇಜಿಗೆ ಬಂದು ಕೇಳಿಕೊಂಡಳು: ಅಕ್ಕನನ್ನು ಅದರಲ್ಲಿ ಕೂರಿಸುತ್ತೀಯಾ? ಕೂರಿಸುತ್ತೇನೆ ಎಂದಿತು ಮನಸ್ಸು. ತಡವರಿಸಲೂ ಇಲ್ಲ. ಒಂದೇ ಒಂದು ಹಾರಾಟ ತಾನೇ? ಅಮ್ಮ ಅಲ್ಲಿ ಬಾಗಿಲ ಕಡೆ ಕಣ್ಣು ನೆಟ್ಟು ಮಲಗಿದ್ದಾಳೆ. ಅಕ್ಕನನ್ನೇ ಕೇಳಿದ್ದರೆ, ರೆಕ್ಕೆಗೆ ಹಗ್ಗ ಕಟ್ಟಿ ನೇತಾಡಿಕೊಂಡಾದರೂ ಬರುತ್ತೇನೆ ಎನ್ನುತ್ತಿದ್ದಳು.

ಆ ಉತ್ತರ ಅವಳನ್ನೇ ಬೆಚ್ಚಿಬೀಳಿಸಿತು. ಇಷ್ಟು ವರ್ಷ ತಕ್ಕಡಿಯ ಹಾಗೆ ನಂಬಿಕೊಂಡು ಬಂದ ಪ್ರಶ್ನೆ ಇದು. ನಮ್ಮವರೆಂದರೆ ನಾವು ಹೆಚ್ಚು ಹುಷಾರಾಗಿರುತ್ತೇವೆ ಎಂದುಕೊಂಡು ಯಾರೋ ಮಾಡಿಟ್ಟ ಪದ್ಧತಿ. ನಮ್ಮವರಿಗೋಸ್ಕರ ನಾವು ಜೂಜಿಗೂ ಕೂರುತ್ತೇವೆ ಎನ್ನುವುದು ಆ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಅಕ್ಕನ ಪಕ್ಕದ ಸೀಟಿನಲ್ಲಿ ಯಾರಿರುತ್ತಾರೆ? ಹಲ್ಲುನೋವಿನ ಮಗುವನ್ನು ದೊಡ್ಡ ಡಾಕ್ಟರಿಗೆ ತೋರಿಸಲು ಹೊರಟ ತಂದೆ ಇರಬಹುದು. ಮೀನಿನ ಬಲೆ ಮಾರಿ ಮನೆಗೆ ಹೊರಟ ವ್ಯಾಪಾರಿ ಇರಬಹುದು. ಅವರಿಗೆ ಇವಳ ಅಮ್ಮ ಗೊತ್ತಿಲ್ಲ, ಕಿಟ್ಟವೂ ಗೊತ್ತಿಲ್ಲ. ಅಕ್ಕ ತನ್ನ ಜೀವ ಪಣಕ್ಕಿಟ್ಟರೆ ಅದು ಅವಳದು. ಅವರದನ್ನು ಇಡಲು ಇವಳು ಯಾರು?

ಅವಳು ‘ಹತ್ತು ಹಾರಾಟಗಳೊಳಗೆ’ ಎಂಬುದನ್ನು ಅಳಿಸಿ ‘ಮುಂದಿನ ಹಾರಾಟಕ್ಕೆ ಮೊದಲು’ ಎಂದು ಬರೆದಳು. ಸಾಹೇಬರು ಸಹಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ದ್ವೀಪದ ವಿಮಾನಗಳೆಲ್ಲ ನಿಂತಲ್ಲೇ ನಿಂತವು. ಆದೇಶ ಹೊರಬೀಳುವವರೆಗೆ ಅವಳು ಅಕ್ಕನಿಗೆ ಫೋನು ಮಾಡಲಿಲ್ಲ. ಎಲ್ಲರಿಗೂ ತಿಳಿದ ಮೇಲೆ ಅವಳಿಗೂ ತಿಳಿಯಲಿ ಎಂದು ಹಲ್ಲು ಕಚ್ಚಿಕೊಂಡಿದ್ದಳು. ಅಕ್ಕನೇ ನಿಲ್ದಾಣದಿಂದ ಕರೆ ಮಾಡಿದಳು. ಹಿಂದೆ ಜನರ ಗಲಾಟೆ ಕೇಳುತ್ತಿತ್ತು.

“ಯಾವುದೋ ಆರ್ಡರ್ ಅಂತೆ ಪುಟ್ಟಿ, ವಿಮಾನ ಹೋಗಲ್ವಂತೆ! ನಿಮ್ಮ ಆಫೀಸಿಂದೇ ಅಂತೆ. ಯಾರನ್ನಾದ್ರೂ ಹಿಡಿದು ಒಂದು ಮಾತು ಹೇಳೇ.”

“ಅಕ್ಕ, ಅದನ್ನ ಬರೆದಿದ್ದು ನಾನೇ.”

ಅತ್ತ ಕಡೆಯಿಂದ ಬೈಗುಳ ಬಂದಿದ್ದರೆ ಎದೆ ಹಗುರಾಗುತ್ತಿತ್ತು. ಬಾಯಿ ಜೋರಿನ ಅಕ್ಕ ಒಂದು ಮಾತೂ ಆಡದೆ ಫೋನು ಇಟ್ಟುಬಿಟ್ಟಳು. ಸಂಜೆಗೆ ಅಕ್ಕನ ಗಂಡ ಕರೆ ಮಾಡಿ, ಸರಕಿನ ಹಡಗೊಂದರಲ್ಲಿ ಹತ್ತಿಸಿ ಬಂದೆ, ದಾರಿಯಲ್ಲಿ ಫೋನು ಸಿಗುವುದಿಲ್ಲ ಎಂದಷ್ಟೇ ಹೇಳಿದ.

ಹಡಗಿಗೆ ಅವಸರವಿರಲಿಲ್ಲ. ಅಮ್ಮನಿಗೂ ಮೊದಮೊದಲು ಇರಲಿಲ್ಲ. ಎಚ್ಚರವಾದಾಗಲೆಲ್ಲ, “ದೊಡ್ಡವಳು ಬಂದ್ಲಾ?” ಎಂದು ಕೇಳುತ್ತಿದ್ದಳು. “ದಾರೀಲಿದ್ದಾಳಮ್ಮ” ಎಂದು ಇವಳು ಹೇಳುತ್ತಿದ್ದಳು. “ಹುಟ್ಟುವಾಗ್ಲೂ ಹಾಗೇ ಸತಾಯಿಸಿದ್ಲು” ಎಂದು ಅಮ್ಮ ಗೊಣಗುತ್ತಿದ್ದಳು. ಮೇಷ್ಟ್ರು ರಜೆ ಹಾಕಿ ಅತ್ತೆಯ ಕಾಲೊತ್ತುತ್ತಾ ಕೂತ. ಒಂದು ಚೇಷ್ಟೆಯ ಮಾತೂ ಆಡಲಿಲ್ಲ. ಒಂದು ಬೆಳಿಗ್ಗೆ, ಸೈಕಲ್ ಅಂಗಡಿಯವನು ಬಾಗಿಲೆತ್ತುವ ಸದ್ದಿನ ಹೊತ್ತಿಗೆ, ಅಮ್ಮ ಮಗಳ ಕೈಯನ್ನು ಹಿಡಿದು, ಬಿಟ್ಟಳು. ಅಕ್ಕ ಬಂದಿಳಿದಾಗ ಮಂಚದ ಹಾಸಿಗೆಯನ್ನು ಸುತ್ತಿ ಗೋಡೆಗೆ ಆನಿಸಿ ಎರಡು ದಿನವಾಗಿತ್ತು.

ಅಕ್ಕ ಖಾಲಿ ಮಂಚದ ಮೇಲೆ ಕೂತು ಕಿಟಕಿಯಾಚೆ ನೋಡಿದಳು. ತಂಗಿ ಕೊಟ್ಟ ಕಾಫಿ ಕುಡಿದಳು, ತಂಗಿಯ ಗಂಡ ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತಂಗಿಯ ಜೊತೆ ಮಾತ್ರ ಮಾತಿಲ್ಲ. ಇವಳು ಮನೆಯಲ್ಲಿ ಕೂರಲಾರದೆ ಕಚೇರಿಗೆ ಹೋದಳು.

ಅಲ್ಲಿ ಪರೀಕ್ಷೆಯ ಫಲಿತಾಂಶ ಬಂದಿತ್ತು. ದ್ವೀಪದ ವಿಮಾನಗಳ ಒಂದೊಂದು ಚಕ್ರವನ್ನೂ ನೋಡಿದ್ದರು. ಎಲ್ಲವೂ ಗಟ್ಟಿ. ಬಿರುಕಿಲ್ಲ, ಕಿಟ್ಟದ ಚುಕ್ಕೆಯೂ ಇಲ್ಲ. ದೊಡ್ಡ ಸಾಹೇಬರು ಅವಳ ಮೇಜಿನವರೆಗೆ ನಡೆದುಬಂದು, “ಒಳ್ಳೆ ಸುದ್ದಿ ಕಣಮ್ಮ” ಎಂದು ಮೆಲ್ಲಗೆ ಹೇಳಿದರು. ಒಳ್ಳೆಯದೇ. ಆದರೆ ಅದನ್ನು ಓದಿದ ಕ್ಷಣ ಅವಳಿಗೆ ಅನಿಸಿದ್ದೇ ಬೇರೆ: ಒಂದೇ ಒಂದು ಬಿರುಕಾದರೂ ಸಿಕ್ಕಿದ್ದರೆ! ಕೂದಲೆಳೆಯಷ್ಟು, ಅಕ್ಕನಿಗೆ ತೋರಿಸುವುದಕ್ಕೆ. ಜನ ಹತ್ತುವ ವಿಮಾನದಲ್ಲಿ ಬಿರುಕಿರಲಿ ಎಂದು ತಾನು, ಬ್ರೇಕ್ ಮೇಡಂ, ಆಸೆಪಟ್ಟಳಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದಳು.

ಸಂಜೆ ಮನೆಗೆ ಬಂದಾಗ ಅಕ್ಕ ಅಮ್ಮನ ಬಟ್ಟೆಗಳನ್ನು ಮಂಚದ ಮೇಲೆ ಹರವಿಕೊಂಡು ಮಡಿಸುತ್ತಿದ್ದಳು. ಇವಳೂ ಎದುರಿಗೆ ಕೂತು ಒಂದನ್ನು ಕೈಗೆತ್ತಿಕೊಂಡಳು. ಅಕ್ಕ ತಲೆ ಎತ್ತದೆ ಕೇಳಿದಳು.

“ನಾನು ಬರಬೇಕಾಗಿದ್ದ ವಿಮಾನ. ಅದರಲ್ಲಿ ಬಿರುಕಿತ್ತಾ?”

ಇತ್ತು ಎಂದುಬಿಡಬಹುದಿತ್ತು. ಅಕ್ಕ ಯಾರನ್ನು ಕೇಳಲು ಹೋಗುತ್ತಿದ್ದಳು? ಒಂದೇ ಮಾತಿಗೆ ಮನೆ ಮೊದಲಿನ ಹಾಗಾಗುತ್ತಿತ್ತು. ತಂಗಿ ತನ್ನ ಜೀವ ಉಳಿಸಿದಳು ಎಂದು ಅಕ್ಕ ಅವಳನ್ನು ತಬ್ಬಿಕೊಳ್ಳುತ್ತಿದ್ದಳು. ಆ ಮಾತು ನಾಲಗೆಯ ತುದಿಯವರೆಗೂ ಬಂದಿತು.

“ಇರಲಿಲ್ಲ ಅಕ್ಕ” ಎಂದಳು. “ಯಾವುದರಲ್ಲೂ ಇರಲಿಲ್ಲ.”

ಅಕ್ಕನ ಕೈ ನಿಂತಿತು. “ಇತ್ತು ಅಂತ ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?”

ಇವಳು ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಅಂಚಿಗೆ ಕೂಡಿಸಿದಳು.

“ಹಾಗಾದ್ರೆ ನಾನು ಬಂದುಬಿಡಬಹುದಿತ್ತು.”

“ಹೂಂ ಅಕ್ಕ. ಬಂದುಬಿಡಬಹುದಿತ್ತು.”

ಅಷ್ಟು ಹೇಳುವುದರೊಳಗೆ ಇವಳಿಗೆ ಇಷ್ಟು ದಿನ ಬಾರದ ಅಳು ಕಟ್ಟೆಯೊಡೆದು ಬಂತು. ಕೈಯಲ್ಲಿದ್ದ ಅಮ್ಮನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅಕ್ಕ ಅವಳನ್ನು ಸಮಾಧಾನ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ. ಮಡಿಸಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸುತ್ತಾ, ಅವಳ ಅಳು ಮುಗಿಯುವವರೆಗೂ ಅಲ್ಲೇ ಕೂತಿದ್ದಳು.